ಆ ಚಿಕ್ಕ ಕಾರ್ಬ್‌ನ ಅದರ ಪಾಡಿಗೆ ಬಿಡಿ

(1)

ಮೊದಲನೇ ಫೋಟೊದಲ್ಲಿ ಇರೋದು ಪಿಸ್ಟನ್. ಅಲ್ಯೂಮಿನಿಯಂದು. ಮೇಲಿನ ಎರಡು ರಿಂಗ್‌ಗಳ ಮಧ್ಯದ ದಂಡೆ ಮುರಿದು ಹೋಗಿದೆ, ಝೂಮ್ ಮಾಡಿದ್ರೆ ಕಾಣುತ್ತೆ. ಮುರಿದವನು ನಾನು. ಕಾರು ನನ್ನದಲ್ಲ.

ಹೋದ ತಿಂಗಳು ಈ ಕಾರಿನ ಇಂಜಿನ್ ಫೋಟೊ ಹಾಕಿದಾಗ ನಮ್ಮ ಕ್ಲಾಸಿನ ಅರ್ಧ ಜನ ಒಂದೇ ಮಾತು ಕಳಿಸಿದ್ರಿ. "ಮಗಾ, ಟರ್ಬೊ ಇದೆ, ಆರು ಸಿಲಿಂಡರ್ ಇದೆ, ಅಷ್ಟಕ್ಕೂ ಒಂದೇ ಒಂದು ಪುಟಾಣಿ ಕಾರ್ಬಾ? ತೆಗೆದು ದೊಡ್ಡದು ಹಾಕು." ಇನ್ನು ಕೆಲವರು, "ಗುರು, ಕಾರ್ಬ್ ಯಾಕೆ? ಇಂಜೆಕ್ಷನ್ ಹಾಕಿ ಲ್ಯಾಪ್‌ಟಾಪಲ್ಲಿ ಟ್ಯೂನ್ ಮಾಡು." ಆಗ ನನಗೂ ಹಾಗೇ ಅನ್ನಿಸ್ತಿತ್ತು. ಈಗ ಅನ್ನಿಸ್ತಿಲ್ಲ. ಯಾಕೆ ಅನ್ನೋದನ್ನ ಈ ಸಲ ಏಳೆಂಟು ಪೋಸ್ಟಲ್ಲಿ ಬರೀತೀನಿ. ಉದ್ದ ಆಗುತ್ತೆ. ಬಸ್ಸಲ್ಲಿ ಓದಿ.

(2)

ಮೊದಲು ಕಾರು ಯಾವುದು ಅಂತ ಹೇಳ್ಬಿಡ್ತೀನಿ. 1965ರ ಶೆವ್ರೊಲೆ ಕಾರ್ವೇರ್, ಅದರಲ್ಲೂ ಕೋರ್ಸಾ, ಅದರಲ್ಲೂ ಟರ್ಬೊ. ಅಮೆರಿಕದ ದೊಡ್ಡ ಕಂಪನಿಗಳ ಮಧ್ಯೆ ಇದೊಂದು ವಿಚಿತ್ರ ಕೂಸು. ಇಂಜಿನ್ ಹಿಂದೆ. ರೇಡಿಯೇಟರ್ ಇಲ್ಲ, ನೀರೇ ಇಲ್ಲ. ಆರು ಸಿಲಿಂಡರ್‌ಗಳು ಮೂರು ಈ ಕಡೆ, ಮೂರು ಆ ಕಡೆ ಮಲಗಿಕೊಂಡಿವೆ. ಇಂಜಿನ್ ಮೇಲೆ ಅಡ್ಡಡ್ಡ ಮಲಗಿರೋ ಒಂದು ದೊಡ್ಡ ಫ್ಯಾನ್, ಅದನ್ನ ತಿರುಗಿಸೋಕೆ 90 ಡಿಗ್ರಿ ತಿರುಚಿಕೊಂಡು ಓಡೋ ಒಂದೇ ಬೆಲ್ಟ್. ಆ ಬೆಲ್ಟ್ ಹೋದ್ರೆ ಇಂಜಿನ್‌ಗೆ ಗಾಳಿ ಇಲ್ಲ, ಅಲ್ಲಿಗೆ ಕಥೆ ಮುಗೀತು.

ಈ ಕಾರಿನ ಹೆಸರು ಕೇಳಿದವರಿಗೆಲ್ಲ ರಾಲ್ಫ್ ನೇಡರ್ ನೆನಪಾಗ್ತಾರೆ. 1965ರಲ್ಲಿ ಬಂದ ಅವರ ಪುಸ್ತಕದ ಮೊದಲ ಅಧ್ಯಾಯವೇ ಕಾರ್ವೇರ್ ಬಗ್ಗೆ. ಆ ದೂರು ಹಳೇ ಮಾಡೆಲ್‌ನ ಹಿಂದಿನ ಸಸ್ಪೆನ್ಷನ್ ಬಗ್ಗೆ. 65ರಲ್ಲಿ ಆ ಸಸ್ಪೆನ್ಷನ್ನೇ ಬದಲಾಯ್ತು, 1972ರಲ್ಲಿ ಅಲ್ಲಿನ ಸರ್ಕಾರಿ ಸುರಕ್ಷತಾ ಇಲಾಖೆ ಹಳೇ ಮಾಡೆಲ್ ಕೂಡ ಆ ಕಾಲದ ಬೇರೆ ಕಾರುಗಳಿಗಿಂತ ಕೆಟ್ಟದ್ದಲ್ಲ ಅಂತ ವರದಿ ಕೊಡ್ತು. ಅಷ್ಟರಲ್ಲಿ ಕಾರೇ ನಿಂತುಹೋಗಿತ್ತು, 1969ರಲ್ಲಿ. ಅದು ಬೇರೆ ಜಗಳ, ಇವತ್ತು ಬೇಡ.

ಇವತ್ತಿಗೆ ಬೇಕಾದ ವಿಷಯ ಇದು. 1962ರಲ್ಲಿ ಕಾರ್ವೇರ್ ಸ್ಪೈಡರ್‌ಗೆ ಟರ್ಬೊ ಬಂತು. ಅದೇ ವರ್ಷ ಅದೇ ಜನರಲ್ ಮೋಟರ್ಸ್‌ನ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ಗೂ ಬಂತು. ಮಾರಾಟಕ್ಕೆ ಬಂದ ಮೊದಲ ಟರ್ಬೊ ಕಾರುಗಳು ಇವೆರಡೇ. ಪೋರ್ಶ 930 ಬಂದಿದ್ದು 1975ರಲ್ಲಿ, ಅದಕ್ಕೆ ಇಂಜೆಕ್ಷನ್ ಇತ್ತು, ವೇಸ್ಟ್‌ಗೇಟೂ ಇತ್ತು. ಅದಕ್ಕಿಂತ 13 ವರ್ಷ ಮುಂಚೆ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಗಾಳಿಯಲ್ಲೇ ತಣ್ಣಗಾಗೋ ಇಂಜಿನ್‌ಗೆ, ಒಂದು ಕಾರ್ಬ್ ಇಟ್ಕೊಂಡು ಇವರು ಟರ್ಬೊ ಹಾಕಿ ಗ್ಯಾರಂಟಿ ಕೊಟ್ಟು ಮಾರಿದ್ರು. ಹೇಗೆ ಸಾಧ್ಯ ಆಯ್ತು ಅಂತ ನಾನು ಮೊದಲು ಕೇಳ್ಕೊಳ್ಳಬೇಕಿತ್ತು. ಕೇಳ್ಕೊಳ್ಳದೇ ಸ್ಕ್ರೂಡ್ರೈವರ್ ಹಿಡಿದೆ.

(3)

ಎರಡನೇ ಫೋಟೊ: ಬಲಗಡೆ ಕಾಣ್ತಿರೋದು ಕಾರ್ಟರ್ ವೈಎಚ್ ಕಾರ್ಬ್. ಅಡ್ಡ ಕೂರೋ ಜಾತಿ, ಒಂದೇ ಬಾಯಿ. ಅದರ ಪಕ್ಕದ ಬಸವನಹುಳು ಆಕಾರದ್ದು ಟರ್ಬೊ. ಗಾಳಿ ಮೊದಲು ಕಾರ್ಬ್ ಒಳಗೆ ಹೋಗಿ, ಪೆಟ್ರೋಲ್ ಸೇರಿಸ್ಕೊಂಡು, ಆಮೇಲೆ ಟರ್ಬೊಗೆ ಹೋಗಿ, ಅಲ್ಲಿಂದ ಕ್ರೋಮ್ ಪೈಪಲ್ಲಿ ಎರಡೂ ಹೆಡ್‌ಗಳಿಗೆ ಹೋಗುತ್ತೆ. ಅಂದ್ರೆ ಟರ್ಬೊ ಕಾರ್ಬ್ ಮೂಲಕ ಎಳೆಯುತ್ತೆ. ಕಾರ್ಬ್ ಒಳಕ್ಕೆ ಟರ್ಬೊ ಊದೋ ಪದ್ಧತೀನೂ ಇದೆ. ಅದರಲ್ಲಿ ಫ್ಲೋಟ್ ಬೌಲ್‌ಗೂ ಒತ್ತಡ ಕೊಡ್ಬೇಕು, ಬೂಸ್ಟ್ ಏರಿದ ಹಾಗೆ ಪೆಟ್ರೋಲ್ ಪಂಪಿನ ಒತ್ತಡಾನೂ ಏರಬೇಕು, ಇಲ್ಲಾಂದ್ರೆ ಬೌಲ್ ಒಳಗೆ ಪೆಟ್ರೋಲ್ ಇಳಿಯೋದೇ ಇಲ್ಲ. ಎಳೆಯೋ ಪದ್ಧತಿಯಲ್ಲಿ ಆ ತಲೆನೋವಿಲ್ಲ. ಕಾರ್ಬ್‌ಗೆ ಟರ್ಬೊ ಅಂತ ಒಂದು ಇದೆ ಅಂತಾನೇ ಗೊತ್ತಿರಲ್ಲ. ಯಾರೋ ಜೋರಾಗಿ ಗಾಳಿ ಎಳೀತಿದ್ದಾರೆ ಅನ್ನೋದಷ್ಟೇ ಅದಕ್ಕೆ ಗೊತ್ತು.

ಬೇರೆ ತಲೆನೋವು ಇವೆ. ಥ್ರಾಟಲ್ ಮುಚ್ಚಿದಾಗ ಟರ್ಬೊ ಒಳಗೇ ನಿರ್ವಾತ ಆಗೋದ್ರಿಂದ ಅದು ತನ್ನ ಬೇರಿಂಗಿನ ಆಯಿಲನ್ನೇ ಹೀರ್ಕೊಳ್ಳುತ್ತೆ, ಅದಕ್ಕೆ ಸ್ಪೆಷಲ್ ಸೀಲ್ ಬೇಕು. ಇಂಟರ್‌ಕೂಲರ್ ಹಾಕೋ ಹಾಗಿಲ್ಲ, ಪೆಟ್ರೋಲ್ ಮಂಜು ಅದರೊಳಗೆ ತಣ್ಣಗಾಗಿ ಕೊಚ್ಚೆ ಥರ ನಿಲ್ಲುತ್ತೆ. ಪೈಪಿನ ಒಂದು ಕ್ಲ್ಯಾಂಪ್ ಸಡಿಲ ಆದ್ರೆ ಬೂಸ್ಟಲ್ಲಿ ಹೊರಗೆ ಬರೋದು ಬರೀ ಗಾಳಿ ಅಲ್ಲ, ಪೆಟ್ರೋಲ್ ಮಿಕ್ಸ್ಚರ್. ಪಕ್ಕದಲ್ಲೇ ಕೆಂಪಗೆ ಕಾದಿರೋ ಎಕ್ಸಾಸ್ಟ್. ಹಾಗಾಗಿ ಈ ಕಾರಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಕೈಗೆ ಸಿಗೋ ಹಾಗೆ ಇಟ್ಕೊಂಡೇ ಟ್ಯೂನಿಂಗ್ ಶುರು ಮಾಡೋದು. ಇದನ್ನ ಹೆದರಿಸೋಕೆ ಹೇಳ್ತಿಲ್ಲ, ನಿಜವಾಗಲೂ ಸೀಟಿನ ಪಕ್ಕ ಇಟ್ಕೊಳ್ಳಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಈ ಟರ್ಬೊಗೆ ವೇಸ್ಟ್‌ಗೇಟ್ ಇಲ್ಲ. ಬೂಸ್ಟ್ ಜಾಸ್ತಿ ಆದ್ರೆ ಹೊರಗೆ ಬಿಡೋ ಬಾಗಿಲೇ ಇಲ್ಲ. ಹಾಗಿದ್ರೆ ಬೂಸ್ಟನ್ನ ತಡೆಯೋದು ಯಾರು? ಆ ಚಿಕ್ಕ ಕಾರ್ಬ್. ಜೊತೆಗೆ ಸ್ವಲ್ಪ ಬಿಗಿಯಾಗಿರೋ ಸೈಲೆನ್ಸರ್. ಕಾರ್ಬಿನ ಗಂಟಲು ಎಷ್ಟು ಗಾಳಿ ಬಿಡುತ್ತೋ ಅಷ್ಟೇ ಟರ್ಬೊಗೆ ಸಿಗೋದು. ಆ ಗಂಟಲೇ ಇಲ್ಲಿ ವೇಸ್ಟ್‌ಗೇಟ್.

ಈಗ ನಿಮ್ಮ "ದೊಡ್ಡದು ಹಾಕು" ಅನ್ನೋ ಸಲಹೆ ಇನ್ನೊಂದು ಸಲ ಓದಿ. ದೊಡ್ಡ ಕಾರ್ಬ್, ಫ್ರೀ-ಫ್ಲೋ ಸೈಲೆನ್ಸರ್. ಎರಡು ಕಾವಲುಗಾರರನ್ನೂ ಮನೆಗೆ ಕಳಿಸಿ ಬಾಗಿಲು ತೆರೆದಿಟ್ಟ ಹಾಗೆ. ಮೊದಲ ದಿನ ಸಖತ್ ಎಳೆಯುತ್ತೆ, ಒಪ್ತೀನಿ. ರೀಲ್ ಮಾಡೋಕೆ ಮೊದಲ ದಿನ ಸಾಕು.

ಒಂದು ತಮಾಷೆ: ಅದೇ 1965ರಲ್ಲಿ ಟರ್ಬೊ ಇಲ್ಲದ ಕೋರ್ಸಾಕ್ಕೆ ನಾಲ್ಕು ಕಾರ್ಬ್, 140 ಹಾರ್ಸ್‌ಪವರ್. ಟರ್ಬೊ ಇದ್ದದ್ದಕ್ಕೆ ಒಂದು ಕಾರ್ಬ್, 180. ಕಾರ್ಬ್ ಎಣಿಸಿ ಪವರ್ ಲೆಕ್ಕ ಹಾಕೋರಿಗೆ ಇದನ್ನ ತೋರಿಸಿ.

(4)

ಕಾರಿನ ಯಜಮಾನರು ಎಪ್ಪತ್ತು ದಾಟಿದವರು, ಮಿಶಿಗನ್‌ನಲ್ಲಿ ನನ್ನ ರೂಮಿಂದ ಎರಡು ಬೀದಿ ಆಚೆ ಇರ್ತಾರೆ. ಈ ಕಾರುಗಳು ತಯಾರಾಗ್ತಿದ್ದ ವಿಲೋ ರನ್ ಕಾರ್ಖಾನೆ ಇದ್ದಿದ್ದೂ ಇದೇ ರಾಜ್ಯದಲ್ಲಿ. ಇಲ್ಲಿ ಅವರನ್ನ ಅಜ್ಜ ಅಂತ ಬರೀತೀನಿ. ಎದುರಿಗೆ ಹೆಸರು ಹಿಡಿದು ಕರೀಬೇಕು, ಇಲ್ಲಿನ ಪದ್ಧತಿ. ನಾಲಿಗೆ ತಿರುಗೋಕೆ ನನಗೆ ಆರು ತಿಂಗಳು ಹಿಡೀತು.

ಅಜ್ಜನ ದೂರು ಸರಳವಾಗಿತ್ತು. ಬೂಸ್ಟ್ ಬಂದಾಗ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ನಾನು ಕಾಲೇಜಿಂದ ವೈಡ್‌ಬ್ಯಾಂಡ್ ಮೀಟರ್ ಎರವಲು ತಂದು, ಟರ್ಬೊ ಆದ್ಮೇಲಿನ ಎಕ್ಸಾಸ್ಟ್ ಪೈಪಿಗೆ ಸೆನ್ಸರ್ ಕೂರಿಸಿದೆ. ಬೂಸ್ಟಲ್ಲಿ ಮೀಟರ್ 10.8 ತೋರಿಸ್ತು. ನೀವೆಲ್ಲ ಓದಿರೋ ಲೆಕ್ಕ: ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ ಇದ್ರೆ ಪೂರ್ತಿ ಉರಿಯುತ್ತೆ. ಬೂಸ್ಟಲ್ಲಿ ಬೇಕಾಗಿರೋದು 11.5ರಿಂದ 12 ಆಸುಪಾಸು. 10.8 ಅಂದ್ರೆ ತೀರಾ ರಿಚ್. ನಾನು ಮೇನ್ ಜೆಟ್ ಒಂದು ಸೈಜ್ ಚಿಕ್ಕದು ಹಾಕಿದೆ. ಮೀಟರ್ 12.0 ಅಂತ ನಿಂತ್ಕೊಂಡ್ತು. ಫೋಟೊ ತೆಗೆದು ಸ್ಟೋರಿಗೆ ಹಾಕಿದೆ. ನಿಮ್ಮಲ್ಲಿ ಕೆಲವರು ಬೆಂಕಿ ಎಮೋಜಿ ಕಳಿಸಿದ್ರಿ, ಈಗ ನೆನೆಸ್ಕೊಂಡ್ರೆ ಸರಿಯಾಗೇ ಕಳಿಸಿದ್ರಿ.

ಆಮೇಲೆ ಡೇಟಾ ಬೇಕು ಅಂತ ಹೈವೇಯಲ್ಲಿ ಬೆನ್ನುಬೆನ್ನಿಗೆ ಮೂರು ಸಲ ಪೂರ್ತಿ ಥ್ರಾಟಲ್ ಕೊಡೋಕೆ ಅಜ್ಜನಿಗೆ ಹೇಳಿದೆ. ಆಗಸ್ಟ್ ತಿಂಗಳ ಮಧ್ಯಾಹ್ನ. ಎರಡನೇ ಸಲಕ್ಕೇ ಅಜ್ಜ "ಹೆಡ್ ಟೆಂಪರೇಚರ್ ಮುಳ್ಳು ಮೇಲೆ ಹೋಗ್ತಿದೆ, ಸ್ವಲ್ಪ ಹೊತ್ತು ಸುಮ್ನೆ ಓಡಿಸೋಣ" ಅಂದ್ರು. ನಾನು "ಮಿಕ್ಸ್ಚರ್ ಸರಿ ಇದೆ, ಇನ್ನೊಂದೇ ಸಲ" ಅಂದೆ. ಮೂರನೇ ಸಲ ಹಿಂದುಗಡೆಯಿಂದ ಒಂದು ಸದ್ದು. ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ. ಅಜ್ಜ ಕಾಲು ತೆಗೆದ್ರು. ನಾನು ತಲೆ ಎತ್ತಲಿಲ್ಲ. ಲ್ಯಾಪ್‌ಟಾಪಲ್ಲಿ ಫೈಲಿಗೆ ಹೆಸರು ಟೈಪ್ ಮಾಡ್ತಿದ್ದೆ.

ಮಾರನೇ ದಿನ ಕಂಪ್ರೆಷನ್ ನೋಡಿದ್ರೆ ಐದು ಸಿಲಿಂಡರಲ್ಲಿ 125ರಿಂದ 130 ಪಿಎಸ್‌ಐ. ಐದನೇದರಲ್ಲಿ 70.

(5)

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಇಂಜಿನಿಯರ್ ಅಲ್ಲ. ಆದ್ರೆ ಇಪ್ಪತ್ತು ವರ್ಷ ಯೆಜ್ಡಿ ಓಡಿಸಿದವರು, ಮೈಸೂರಲ್ಲೇ ತಯಾರಾದ ಗಾಡಿ, ಅದೂ ಗಾಳಿಯಲ್ಲೇ ತಣ್ಣಗಾಗೋ ಇಂಜಿನ್, ಅದಕ್ಕೂ ಕಾರ್ಬೇ.

"ಪ್ಲಗ್ ಬಿಚ್ಚಿ ನೋಡಿದ್ಯೇನೋ?"

"ಇಲ್ಲಪ್ಪ, ಮೀಟರ್ ಇತ್ತು."

"ಎಷ್ಟು ಸಿಲಿಂಡರು?"

"ಆರು."

"ಮೀಟರ್ ಎಷ್ಟು?"

"ಒಂದು."

ಅಪ್ಪ ಏನೂ ಅನ್ನಲಿಲ್ಲ. ಊಟ ಆಯ್ತಾ ಅಂತ ಕೇಳಿದ್ರು.

ಆರೂ ಸಿಲಿಂಡರ್‌ಗಳ ಹೊಗೆ ಒಂದೇ ಟರ್ಬೊ ಮೂಲಕ ಹೊರಗೆ ಬರುತ್ತೆ. ಅದರ ಆಚೆ ಕೂತಿರೋ ಸೆನ್ಸರ್ ಹೇಳೋದು ಆರರ ಸರಾಸರಿ. ಒಂದು ಕಾರ್ಬಿಂದ ಹೊರಟ ಪೆಟ್ರೋಲ್ ಉದ್ದದ ಪೈಪ್ ದಾಟಿ, ಕವಲೊಡೆದು, ಆರು ಕಡೆ ಹಂಚಿಕೆ ಆಗ್ಬೇಕು. ಎಲ್ಲರಿಗೂ ಸಮಪಾಲು ಬರುತ್ತೆ ಅಂತ ಯಾರು ಹೇಳಿದ್ದು? ಮದುವೆ ಊಟದ ಕೊನೇ ಪಂಕ್ತಿಗೆ ಪಾಯಸದಲ್ಲಿ ಗೋಡಂಬಿ ಎಷ್ಟು ಸಿಗುತ್ತೆ ಅಂತ ನಿಮಗೆ ಗೊತ್ತು. ಸರಾಸರಿ 12 ಇದ್ದಾಗ ಒಂದು ಸಿಲಿಂಡರ್ 11ರಲ್ಲಿ, ಇನ್ನೊಂದು 13ರಲ್ಲಿ ಇರಬಹುದು. ಸಾಯೋದು 13ರಲ್ಲಿ ಇರೋದು.

ಬಿಚ್ಚಿದ ಮೇಲೆ ಪ್ಲಗ್‌ಗಳೇ ಎಲ್ಲ ಹೇಳಿದ್ವು. ಐದನೇದರ ಬಿಳಿ ಪಿಂಗಾಣಿ ಮೇಲೆ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ, ಮಧ್ಯೆ ಮಧ್ಯೆ ಹೊಳೆಯೋ ಸಣ್ಣ ಕಾಳು. ಆ ಹೊಳೆಯೋದು ಪಿಸ್ಟನ್ನಿನ ಅಲ್ಯೂಮಿನಿಯಂ (ಮೂರನೇ ಫೋಟೊ). ಮೊದಲನೇ ಸಲದ ಓಟ ಆದ್ಮೇಲೆ ಹತ್ತು ನಿಮಿಷ ನಿಲ್ಲಿಸಿ ಪ್ಲಗ್ ತೆಗೆದಿದ್ರೆ ಆ ಚುಕ್ಕೆಗಳು ಶುರುವಾಗೋದನ್ನೇ ನೋಡಬಹುದಿತ್ತು. ಈಗಿನ ಪೆಟ್ರೋಲಲ್ಲಿ ಸೀಸ ಇಲ್ಲ, ಹಾಗಾಗಿ ಅಪ್ಪನ ಕಾಲದ ಥರ ಕಾಫಿ ಪುಡಿ ಬಣ್ಣ ನೋಡಿ ಮಿಕ್ಸ್ಚರ್ ಹೇಳೋದು ಕಷ್ಟ. ಆದ್ರೆ ಚುಕ್ಕೆ ಸುಳ್ಳು ಹೇಳಲ್ಲ. ಹೊಳಪಂತೂ ಹೇಳೋದೇ ಇಲ್ಲ.

(ಟರ್ಬೊ ಇರೋ ಗಾಡಿಯಲ್ಲಿ ಪ್ಲಗ್ ನೋಡೋಕೆ ಅಂತ ಪೂರ್ತಿ ಬೂಸ್ಟಿಂದ ಒಮ್ಮೆಲೇ ಇಂಜಿನ್ ಆಫ್ ಮಾಡ್ಬೇಡಿ. ಆಯಿಲ್ ನಿಲ್ಲುತ್ತೆ, ಟರ್ಬೊ ಇನ್ನೂ ತಿರುಗ್ತಾ ಇರುತ್ತೆ, ಬೇರಿಂಗಲ್ಲಿ ಉಳಿದ ಆಯಿಲ್ ಸುಟ್ಟು ಕರಿ ಕಟ್ಟುತ್ತೆ. ಬೈಕಲ್ಲಿ ಮಾಡೋ ಆ ಟ್ರಿಕ್ ಇಲ್ಲಿ ಬೇಡ. ನಿಧಾನಕ್ಕೆ ಓಡಿಸ್ಕೊಂಡು ಬಂದು, ಐಡಲಲ್ಲಿ ಬಿಟ್ಟು, ಆಮೇಲೆ ಆಫ್ ಮಾಡಿ. ಬಣ್ಣ ಸ್ವಲ್ಪ ಬದಲಾಗುತ್ತೆ, ಚುಕ್ಕೆ ಹಾಗೇ ಇರುತ್ತೆ.)

(6)

ಹಾಗಿದ್ರೆ ತಪ್ಪಾಗಿದ್ದು ಎಲ್ಲಿ? ಜೆಟ್ ಒಂದೇ ಅಲ್ಲ. ಅಜ್ಜ ಮತ್ತು ನಾನು ಎರಡು ವಾರಾಂತ್ಯ ಕೂತು ಹುಡುಕಿದ್ವಿ.

ಮೊದಲ ಕಾರಣ ಫ್ಲೋಟ್ ಬೌಲ್. ಪೆಟ್ರೋಲ್ ಒಳಗೆ ಬರೋ ಸೂಜಿ ವಾಲ್ವಿನ ಕೆಳಗೆ ಒಂದು ಚೂರು ಕಸ ಸಿಕ್ಕಿಹಾಕ್ಕೊಂಡಿತ್ತು. ಸೂಜಿ ಪೂರ್ತಿ ಮುಚ್ತಿರಲಿಲ್ಲ, ಬೌಲಲ್ಲಿ ಪೆಟ್ರೋಲ್ ಮಟ್ಟ ಇರಬೇಕಾದ್ದಕ್ಕಿಂತ ಮೇಲೆ. ಮಟ್ಟ ಮೇಲಿದ್ರೆ ಎಲ್ಲ ಕಡೆನೂ ರಿಚ್. ಕಪ್ಪು ಹೊಗೆಗೆ ಕಾರಣ ಅದು. ನಾನು ಅದನ್ನ ನೋಡದೇ, ರಿಚ್ ಆಗಿದ್ದಕ್ಕೆ ಜೆಟ್ ಚಿಕ್ಕದು ಮಾಡಿದೆ. ಎರಡು ತಪ್ಪು ಸೇರಿ 12.0 ಅನ್ನೋ ಒಂದು ಸರಿ ಕಾಣೋ ನಂಬರ್ ಕೊಟ್ವು. ಮೂರು ಸಲ ಜೋರಾಗಿ ಪೆಟ್ರೋಲ್ ಹರಿದಾಗ ಆ ಕಸ ತೊಳ್ಕೊಂಡು ಹೋಗಿ, ಸೂಜಿ ಸರಿಯಾಗಿ ಕೂತು, ಮಟ್ಟ ಇಳೀತು. ಒಂದು ತಪ್ಪು ತಾನಾಗೇ ಸರಿ ಹೋಯ್ತು, ಇನ್ನೊಂದು ಉಳೀತು. ಲಾಗ್ ಫೈಲಲ್ಲಿ ನೋಡಿದೆ, ಮೂರನೇ ಓಟದಲ್ಲಿ ಎರಡು ಸೆಕೆಂಡು 13.1 ಇದೆ. ನನ್ನ ಮುಂದಿನ ಪರದೆ ಮೇಲೇ ಬಂದಿತ್ತು.

ಎರಡನೇ ಕಾರಣ ಟೈಮಿಂಗ್. ಇದು ಈ ಇಂಜಿನ್ನಿನ ಅತಿ ಬುದ್ಧಿವಂತಿಕೆ ಇರೋ ಜಾಗ. ಟರ್ಬೊ ಕಾರ್ವೇರ್‌ನ ಆರಂಭದ ಟೈಮಿಂಗ್ 24 ಡಿಗ್ರಿ. ಕೇಳಿದವರು ಬೆಚ್ಚಿಬೀಳ್ತಾರೆ, ಐಡಲಲ್ಲೇ 24ಆ? ಕಂಪ್ರೆಷನ್ ರೇಶ್ಯೊ ಬರೀ 8:1 ಆಗಿರೋದ್ರಿಂದ ಬೂಸ್ಟ್ ಇಲ್ಲದಾಗ ಇಂಜಿನ್ ಸೋಮಾರಿ, ಬೇಗ ಕಿಡಿ ಕೊಟ್ರೆ ಎಚ್ಚರ ಆಗುತ್ತೆ. ಬೂಸ್ಟ್ ಬಂದಾಗ ಆ ಒತ್ತಡಾನೇ ಒಂದು ಸಣ್ಣ ರಬ್ಬರ್ ಪೈಪಲ್ಲಿ ಡಿಸ್ಟ್ರಿಬ್ಯೂಟರಿಗೆ ಹೋಗಿ, ಡಯಾಫ್ರಾಮನ್ನ ತಳ್ಳಿ, ಕಿಡಿಯನ್ನ ಹಿಂದಕ್ಕೆ ಎಳೆಯುತ್ತೆ. 1962ರಲ್ಲಿ, ಒಂದೂ ಚಿಪ್ ಇಲ್ಲದೇ, ಬೂಸ್ಟಿಗೆ ತಕ್ಕ ಟೈಮಿಂಗ್. ನಮ್ಮ ಕಾರಿನ ಆ ಪೈಪಿನ ತುದಿ ಸೀಳಿತ್ತು. ಕಿಡಿ ಹಿಂದಕ್ಕೆ ಹೋಗ್ತಾನೇ ಇರಲಿಲ್ಲ. ಕಪ್ಪು ಹೊಗೆ ಬರೋವಷ್ಟು ರಿಚ್ ಇದ್ದಾಗ ಆ ಹೆಚ್ಚುವರಿ ಪೆಟ್ರೋಲೇ ಇಂಜಿನ್ನನ್ನ ಕಾಪಾಡ್ತಿತ್ತು. ನಾನು ಬಂದು ಆ ಪೆಟ್ರೋಲ್ ಕಿತ್ಕೊಂಡೆ.

ಮೂರನೇದು ಶಾಖ. ಇದರ ಬಗ್ಗೆ ಬೇರೆ ಪೋಸ್ಟೇ ಬೇಕು.

(7)

ನೀರಿರೋ ಇಂಜಿನ್ನಲ್ಲಿ ಹೆಡ್ ಸುತ್ತ ನೀರಿದೆ. ಎಷ್ಟೇ ಒದ್ದಾಡಿದ್ರೂ ಆ ನೀರು ಒಂದು ಮಟ್ಟಕ್ಕಿಂತ ಮೇಲೆ ಹೋಗೋಕೆ ಸುಲಭಕ್ಕೆ ಬಿಡಲ್ಲ. ಗಾಳಿ ಇಂಜಿನ್ನಲ್ಲಿ ಹಾಗೆ ತಡೆಯೋರು ಯಾರೂ ಇಲ್ಲ. ಎಷ್ಟು ಕೆಲಸ ಕೊಡ್ತೀರೋ ಅಷ್ಟು ಕಾಯುತ್ತೆ, ಬಿಟ್ರೆ ತಣ್ಣಗಾಗುತ್ತೆ. ಒಂದು ಸಲದ ಓಟಕ್ಕೂ ಬೆನ್ನುಬೆನ್ನಿಗೆ ಮೂರು ಸಲಕ್ಕೂ ಇರೋ ವ್ಯತ್ಯಾಸ ಅದೇ. ಮೊದಲ ಓಟಕ್ಕೆ ಸರಿ ಇದ್ದ ಮಿಕ್ಸ್ಚರ್ ಮೂರನೇ ಓಟಕ್ಕೆ ಸರಿ ಇರಬೇಕಾಗಿಲ್ಲ. ಹೆಡ್ ಕಾದಷ್ಟೂ ಒಳಗೆ ಬರೋ ಮಿಕ್ಸ್ಚರ್ ಕಾಯುತ್ತೆ, ಕಿಡಿ ಹೊತ್ತಿಸಿದ ಬೆಂಕಿ ತಲುಪೋಕೆ ಮುಂಚೇನೇ ತಾನಾಗೇ ಸ್ಫೋಟ ಆಗೋಕೆ ರೆಡಿ ಇರುತ್ತೆ. ಗೋಲಿ ಸದ್ದು ಅದೇ.

ಕಂಪನಿಯವರಿಗೆ ಇದು ಗೊತ್ತಿತ್ತು. ಅದಕ್ಕೇ ಟರ್ಬೊ ಕಾರಿನ ಡ್ಯಾಶ್‌ನಲ್ಲಿ ಹೆಡ್ ಟೆಂಪರೇಚರ್ ಮುಳ್ಳು ಇಟ್ಟಿದ್ದು. ಅಜ್ಜ ನೋಡಿದ್ದು ಅದನ್ನೇ. ಅರವತ್ತು ವರ್ಷದ ಹಳೇ ಮುಳ್ಳು ಹೇಳಿದ್ದು ಸರಿ, ನನ್ನ ಹೊಸ ಮೀಟರ್ ಹೇಳಿದ್ದೂ ಸರಿ. ಅವೆರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡ್ತಿದ್ವು, ನಾನು ಒಂದಕ್ಕೆ ಮಾತ್ರ ಕಿವಿ ಕೊಟ್ಟೆ.

ಇಲ್ಲಿ ಪೆಟ್ರೋಲಿಗೆ ಎರಡು ಕೆಲಸ. ಉರಿಯೋದು ಒಂದು, ತಂಪು ಮಾಡೋದು ಇನ್ನೊಂದು. ದ್ರವ ಆವಿ ಆಗುವಾಗ ಶಾಖ ಹೀರುತ್ತೆ, ಸ್ಪಿರಿಟ್ ಅಂಗೈಗೆ ಹಾಕ್ಕೊಂಡ್ರೆ ತಣ್ಣಗನ್ನಿಸೋ ಹಾಗೆ. ಇಂಟರ್‌ಕೂಲರ್ ಇಲ್ಲದ ಈ ಕಾರಲ್ಲಿ ಕಾರ್ಬಿಂದ ಹೊರಟ ಪೆಟ್ರೋಲೇ ಇಂಟರ್‌ಕೂಲರ್. ಜೆಟ್‌ಫೈರ್‌ನವರು ಬೇರೆ ದಾರಿ ಹಿಡಿದ್ರು. 10.25:1 ಕಂಪ್ರೆಷನ್ ಇಟ್ಕೊಂಡು, ನಾಕಿಂಗ್ ತಡೆಯೋಕೆ ನೀರು, ಮೆಥನಾಲ್ ಬೆರೆಸಿದ ದ್ರವದ ಬೇರೆ ಟ್ಯಾಂಕ್ ಕೊಟ್ರು. ಬುದ್ಧಿವಂತಿಕೆಯೇ. ಆದ್ರೆ ಓನರ್‌ಗಳು ತುಂಬಿಸೋದು ಮರೆತ್ರು, ಎಷ್ಟೋ ಕಾರಿನ ಟರ್ಬೊ ಕಿತ್ತು ಮಾಮೂಲಿ ಕಾರ್ಬ್ ಹಾಕ್ಬೇಕಾಯ್ತು. ಕಾರ್ವೇರ್‌ನವರು ಮನುಷ್ಯ ಮರೀತಾನೆ ಅಂತ ಮೊದಲೇ ಲೆಕ್ಕ ಹಾಕಿ, ಕಡಿಮೆ ಕಂಪ್ರೆಷನ್, ಚಿಕ್ಕ ಕಾರ್ಬ್, ಕೈ ಬಿಚ್ಚಿ ಪೆಟ್ರೋಲ್ ಅಂತ ಇಟ್ರು. ನನಗೆ ಇವರದ್ದೇ ಇಷ್ಟ. ಬೂಸ್ಟಲ್ಲಿ ಕಾಣೋ ಸ್ವಲ್ಪ ರಿಚ್ ಅನ್ನೋದು ವೇಸ್ಟ್ ಅಲ್ಲ, ಆ ಇಂಜಿನ್ನಿನ ರೇಡಿಯೇಟರ್ ನೀರು ಅದು.

(8)

ಇಂಜೆಕ್ಷನ್ ಹಾಕು ಅಂದವರಿಗೆ.

ನಾನು ಇಂಜೆಕ್ಷನ್ ವಿರೋಧಿ ಅಲ್ಲ. 2020ರ ಏಪ್ರಿಲಿಂದ ನಮ್ಮಲ್ಲಿ ಬಿಎಸ್-6 ಬಂದ್ಮೇಲೆ ಬಹುಪಾಲು ಹೊಸ ಬೈಕುಗಳಲ್ಲಿ ಕಾರ್ಬ್ ಹೋಯ್ತು, ಹೋಗಿದ್ದು ಒಳ್ಳೇದೇ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಕಿಕ್ ಹೊಡೆದು ಕಾಲೇಜಿಗೆ ಲೇಟಾದವನು ನಾನು. ಗಾಳಿ ಇಂಜಿನ್ನಿಗೆ ಎಲೆಕ್ಟ್ರಾನಿಕ್ಸ್ ಆಗಿಬರಲ್ಲ ಅನ್ನೋದೂ ಸುಳ್ಳು, ಪೋರ್ಶ 964ರಲ್ಲಿ ನಾಕ್ ಸೆನ್ಸರೇ ಇತ್ತು. ಪ್ರತಿ ಸಿಲಿಂಡರಿಗೆ ಬೇರೆ ಇಂಜೆಕ್ಟರ್ ಹಾಕಿದ್ರೆ ಪಂಕ್ತಿಭೇದಾನೂ ಹೋಗುತ್ತೆ.

ಆದ್ರೆ ನನ್ನ ತಪ್ಪುಗಳನ್ನ ಒಂದೊಂದಾಗಿ ನೋಡಿ. ಸೀಳಿದ ರಬ್ಬರ್ ಪೈಪ್. ಬೆನ್ನುಬೆನ್ನಿಗೆ ಮೂರು ಓಟ. ಯಜಮಾನರ ಮಾತು ಕೇಳದೇ ಇದ್ದದ್ದು. ಇಂಜೆಕ್ಷನ್ ಹಾಕಿದ್ರೂ ಇವು ಮೂರೂ ಇರ್ತಿದ್ವು. ಲ್ಯಾಪ್‌ಟಾಪಲ್ಲಿ ಒಂದು ಕೀ ಒತ್ತಿದ್ರೆ ಪೆಟ್ರೋಲ್ ಕಡಿಮೆ ಆಗುತ್ತೆ ಅಂದಿದ್ರೆ ನಾನು ಇನ್ನೂ ಬೇಗ ಮುರೀತಿದ್ದೆ. ಜೆಟ್ ಬದಲಾಯಿಸೋಕೆ ಅರ್ಧ ಗಂಟೆ ಬೇಕು, ಬೆರಳು ಸುಡುತ್ತೆ, ಆ ಅರ್ಧ ಗಂಟೆಯಲ್ಲಿ ಯೋಚನೆ ಮಾಡೋಕೆ ಅವಕಾಶ ಇತ್ತು. ನಾನು ಪಾಡ್‌ಕಾಸ್ಟ್ ಕೇಳ್ತಿದ್ದೆ, ಅದು ಬೇರೆ ಮಾತು.

ಇನ್ನೊಂದು, ಊರಲ್ಲಿ ಹಳೇ ಗಾಡಿ ಇರೋರಿಗೆ ಇದು ನೇರವಾಗಿ ಸಂಬಂಧಪಟ್ಟದ್ದು. 14.7 ಅನ್ನೋದು ಶುದ್ಧ ಪೆಟ್ರೋಲಿನ ಲೆಕ್ಕ. ಇಲ್ಲಿ ಬಂಕಲ್ಲಿ ಸಿಗೋದರಲ್ಲಿ ಶೇಕಡಾ 10ರವರೆಗೆ ಎಥನಾಲ್. ಅದಕ್ಕೆ ಬೇಕಾಗಿರೋದು ಸುಮಾರು 14.1. ನಮ್ಮಲ್ಲಿ ಈಗ ಇ20, ಅದಕ್ಕೆ ಸುಮಾರು 13.5. ಕಾರ್ಬಿಗೆ ಇದು ಗೊತ್ತಾಗಲ್ಲ, ಅದು ಹಳೇ ಅಳತೆಯಲ್ಲೇ ಸುರೀತಾ ಇರುತ್ತೆ. ಅಂದ್ರೆ ಜೆಟ್ ಮುಟ್ಟದೇನೇ ಅಜ್ಜನ ಕಾರು ಸುಮಾರು 4 ಪರ್ಸೆಂಟ್ ಲೀನ್ ಆಗಿದೆ, ನಿಮ್ಮಪ್ಪನ ಯೆಜ್ಡಿ 8ರ ಹತ್ರ. ಸರಿ ಮಾಡೋಕೆ ಜೆಟ್ ಎಷ್ಟು ದೊಡ್ಡದಾಗ್ಬೇಕು? ವ್ಯಾಸ 2 ಪರ್ಸೆಂಟ್ ಹೆಚ್ಚಿಸಿದ್ರೆ ತೂತಿನ ವಿಸ್ತೀರ್ಣ 4 ಪರ್ಸೆಂಟ್ ಹೆಚ್ಚುತ್ತೆ. 1.50 ಮಿಲಿಮೀಟರ್ ಇದ್ದದ್ದು 1.53. ಕೂದಲೆಳೆಗಿಂತ ಕಡಿಮೆ. ಡ್ರಿಲ್ ತಗೊಂಡು ಜೆಟ್ ಕೊರೆಯೋ ಮೆಕ್ಯಾನಿಕ್ ಕೈಗೆ ಗಾಡಿ ಕೊಡ್ಬೇಡಿ ಅಂತ ಯಾಕೆ ಹೇಳ್ತಾರೆ ಅಂತ ಈಗ ಅರ್ಥ ಆಗಿರಬೇಕು.

ಮೀಟರ್ ಇದನ್ನ ಹೇಳುತ್ತಾ ಅಂತ ಕೇಳಿದ್ರೆ, ಹೇಳುತ್ತೆ, ಆದ್ರೆ ಅದರ ಭಾಷೇಲಿ. ಅದು ನಿಜವಾಗಿ ಅಳೆಯೋದು ಆಮ್ಲಜನಕದ ಲೆಕ್ಕ, ಅಂದ್ರೆ ಲ್ಯಾಂಬ್ಡಾ. ಆಮೇಲೆ 14.7ರಿಂದ ಗುಣಿಸಿ ನಂಬರ್ ತೋರಿಸುತ್ತೆ. ಲ್ಯಾಂಬ್ಡಾದಲ್ಲೇ ಓದೋದು ಅಭ್ಯಾಸ ಮಾಡ್ಕೊಳ್ಳಿ. 1 ಅಂದ್ರೆ ಸಮ, ಬೂಸ್ಟಲ್ಲಿ 0.8 ಆಸುಪಾಸು, ಪೆಟ್ರೋಲ್ ಯಾವುದಾದ್ರೂ ಸರಿ. ಇನ್ನೊಂದು ಮೋಸ ಇದೆ. ಅತೀ ರಿಚ್ ಆಗಿ ಒಂದು ಸಿಲಿಂಡರ್ ಉರೀದೇ ಹೋದ್ರೆ, ಅದರ ಆಮ್ಲಜನಕ ಹಾಗೇ ಹೊರಗೆ ಬಂದು ಮೀಟರ್ ಲೀನ್ ಅಂತ ತೋರಿಸುತ್ತೆ. ಎಕ್ಸಾಸ್ಟ್ ಪೈಪಲ್ಲಿ ತೂತಿದ್ರೂ ಹಾಗೇ. ಮೀಟರ್ ನಂಬಿ ಇನ್ನೂ ಪೆಟ್ರೋಲ್ ಸುರಿದ್ರೆ ಕಥೆ ಇನ್ನೊಂದು ದಿಕ್ಕಿಗೆ ಹೋಗುತ್ತೆ.

(9)

ಈಗ ಮತ್ತೆ ಶುರು ಮಾಡ್ತಿದ್ದೀವಿ, ಈ ಸಲ ಅಜ್ಜ ಹೇಳಿದ ಕ್ರಮದಲ್ಲಿ. ಕಾರ್ಬ್ ಮುಟ್ಟೋದು ಕೊನೆಗೆ. ಮೊದಲು ಬೆಲ್ಟ್, ಇಂಜಿನ್ ಸುತ್ತಲಿನ ತಗಡು, ಅದರ ರಬ್ಬರ್ ಸೀಲ್‌ಗಳು. ಗಾಳಿ ಹೋಗಬೇಕಾದ ಕಡೆ ಹೋಗ್ತಿದೆಯಾ ಅಂತ. ಆಮೇಲೆ ಟೈಮಿಂಗ್ 24, ಡಿಸ್ಟ್ರಿಬ್ಯೂಟರಿಗೆ ಹೊಸ ಪೈಪ್, ಕೈಪಂಪಲ್ಲಿ ಒತ್ತಡ ಕೊಟ್ಟು ಕಿಡಿ ಹಿಂದೆ ಹೋಗುತ್ತಾ ಅಂತ ಟೈಮಿಂಗ್ ಲೈಟಲ್ಲಿ ನೋಡೋದು. ಆಮೇಲೆ ಪ್ರತಿ ಕ್ಲ್ಯಾಂಪ್. ಆಮೇಲೆ ಸೂಜಿ ವಾಲ್ವ್, ಫ್ಲೋಟ್ ಮಟ್ಟ. ಅಷ್ಟಾದ್ಮೇಲೆ ಐಡಲ್, ಆಮೇಲೆ ನಿಧಾನದ ಓಟ. ಬೂಸ್ಟ್ ಕಟ್ಟಕಡೆಗೆ, ಒಂದೇ ಓಟ, ಹೆಡ್ ಮುಳ್ಳು ಕೆಳಗೆ ಬರೋವರೆಗೆ ಕಾಯೋದು, ಆರೂ ಪ್ಲಗ್ ಬಿಚ್ಚೋದು, ನಂಬರ್ ಬರೆದ ಮೊಟ್ಟೆ ಟ್ರೇಯಲ್ಲಿ ಸಾಲಾಗಿ ಇಡೋದು. ಕೊನೇ ಫೋಟೊ ಆ ಟ್ರೇ, ಸದ್ಯಕ್ಕೆ ಖಾಲಿ.

ಈ ಇಂಜಿನ್ನಲ್ಲಿ ಒಂದು ಪುಣ್ಯ ಏನಂದ್ರೆ ಸಿಲಿಂಡರ್‌ಗಳು ಬಿಡಿಬಿಡಿ. ಆ ಕಡೆ ಹೆಡ್ ತೆಗೆದ್ರೆ ಐದನೇದನ್ನ ಒಂದನ್ನೇ ಎಳೆದು ತೆಗೀಬಹುದು. ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ದುಡ್ಡು ನಾನೇ ಕೊಡ್ತೀನಿ ಅಂದೆ. ಅಜ್ಜ ಒಪ್ಪಲಿಲ್ಲ. ಅರ್ಧರ್ಧ ಅಂತ ಇತ್ಯರ್ಥ ಆಯ್ತು. ನನ್ನ ಅರ್ಧಕ್ಕೆ ಕ್ಯಾಂಪಸ್ ಕ್ಯಾಂಟೀನಲ್ಲಿ ಮೂರು ವಾರ ಹೆಚ್ಚುವರಿ ಶಿಫ್ಟ್. ಹೆಡ್ಡಿನ ವಾಲ್ವ್ ಸೀಟುಗಳು ಬಿಸಿಗೆ ಸಡಿಲ ಆಗಿದ್ಯಾ ಅಂತ ಮೆಷಿನ್ ಶಾಪಿಗೆ ಕೊಟ್ಟಿದ್ದೀವಿ, ಅದು ಗಟ್ಟಿ ಇದ್ರೆ ಇಷ್ಟಕ್ಕೇ ಮುಗಿಯುತ್ತೆ.

ಮೂಲದ ಜೆಟ್ ವಾಪಸ್ ಹಾಕಿದ್ದೀನಿ. ನಾನು ಹಾಕಿದ್ದ ಚಿಕ್ಕ ಜೆಟ್ಟನ್ನ ಅಜ್ಜ ಜೇಬಿಗೆ ಹಾಕ್ಕೊಂಡ್ರು, ವಾಪಸ್ ಕೊಡ್ತಿಲ್ಲ. ಹೆಡ್ ಬರೋದು ಮುಂದಿನ ಗುರುವಾರ.

#ಕಾರ್ಬ್_ಕಥೆ #ಗಾಳಿ_ಇಂಜಿನ್ #ಪ್ಲಗ್_ಬಿಚ್ಚಿ_ನೋಡು